ಬೇಲಿ ದಾಟಿದ ಹರುಕುಕಿವಿ

ವಿಸ್ಕಾನ್ಸಿನ್ನಿನ ಆ ಗುಡ್ಡಸಾಲಿನಲ್ಲಿ ಆರ್ಡಿಸ್ ಹೌಗ್ ಎಂದರೆ ಹೆದರದವರಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಆಯಸ್ಸಿನ ಅರ್ಧ ಸೌಟು ಹಿಡಿದು ನಿಂತವಳು. ಅವಳ ಮುಂದೆ ತಟ್ಟೆ ಹಿಡಿದು ಸಾಲು ನಿಂತ ಮಕ್ಕಳು ಈಗ ಹೊಟ್ಟೆ ಬಂದ, ತಲೆ ಬೋಳಾದ ಗಂಡಸರು. ಆದರೂ ಅಂಗಡಿಯಲ್ಲಿ ಅವಳು ಎದುರಾದರೆ ಟೋಪಿ ತೆಗೆದು ನೆಟ್ಟಗೆ ನಿಲ್ಲುತ್ತಾರೆ. ಗಂಡ ಸತ್ತ ಮೇಲೆ ಆಕೆ ಒಬ್ಬಳೇ ಗುಡ್ಡ ಹತ್ತಿ ಜಿಂಕೆಗಳಿಗೆ ಗೆಡ್ಡೆ ಬೆಳೆಯತೊಡಗಿದಾಗಲೂ ಯಾರೂ ಎದುರಿಗೆ ನಗಲಿಲ್ಲ. ನಗುವ ಎದೆಗಾರಿಕೆ ಇದ್ದವನು ಒಬ್ಬನೇ, ಅವಳ ಮೈದುನ ರೋಲಿ.

ಜಿಂಕೆತಾಕು ಅಲ್ಲಿ ಹೊಸ ಸಂಗತಿಯೇನಲ್ಲ. ಕೋವಿ ಇರುವ ಮನೆಗೆಲ್ಲ ಕಾಡಿನ ಅಂಚಿನಲ್ಲಿ ಒಂದು ತುಂಡು ನೆಲ ಇರುತ್ತದೆ. ಅಲ್ಲಿ ಕ್ಲೋವರ್ ಸೊಪ್ಪು, ಟರ್ನಿಪ್ ಗೆಡ್ಡೆ ಬೆಳೆಯುತ್ತಾರೆ. ಜಿಂಕೆ ಬಂದು ಮೇಯಬೇಕು, ನವೆಂಬರಿನಲ್ಲಿ ಕೋವಿಕಾಲ ಶುರುವಾದಾಗ ಮರದ ಅಟ್ಟಣೆಯ ಮೇಲೆ ಕೂತವನು ಹೊಡೆಯಬೇಕು. ಉಣ್ಣಿಸಿ ಕೊಲ್ಲುವ ವ್ಯವಹಾರ. ಅದರಲ್ಲಿ ತಪ್ಪೇನೂ ಅವರಿಗೆ ಕಾಣುವುದಿಲ್ಲ, ಏಕೆಂದರೆ ಚಳಿಗಾಲವಿಡೀ ಮನೆಯವರು ತಿನ್ನುವುದೂ ಅದೇ ಮಾಂಸವನ್ನೇ.

ಆರ್ಡಿಸಳ ಗಂಡ ಗೇಲೆನ್ ಮಾಡಿದ ತಾಕು ಆ ಕಣಿವೆಗೆಲ್ಲ ಹೆಸರಾಗಿತ್ತು. ಮನುಷ್ಯರ ಜೊತೆ ಅವನಿಗೆ ತಾಳ್ಮೆ ಅಷ್ಟಕ್ಕಷ್ಟೆ. ಮಣ್ಣಿನ ಜೊತೆ ಮಾತ್ರ ಬಸುರಿಯನ್ನು ನೋಡಿಕೊಂಡ ಹಾಗೆ ನಡೆದುಕೊಳ್ಳುತ್ತಿದ್ದ. ವಸಂತದಲ್ಲಿ ಸುಣ್ಣ ಚೆಲ್ಲುವನು, ಬೇಸಿಗೆ ಮುಗಿಯುವ ಹೊತ್ತಿಗೆ ಮಳೆಯ ವಾಸನೆ ನೋಡಿಕೊಂಡು ಬೀಜ ಎರಚುವನು. ಕೆಳಗಿನ ಅರ್ಧ ಕ್ಲೋವರ್, ಯಾರು ಬೇಕಾದರೂ ಮೇಯಲಿ. ಮೇಲಿನ ಅರ್ಧ ಟರ್ನಿಪ್, ಅದರ ಸುತ್ತ ಕರೆಂಟ್ ಬೇಲಿ. ಮಂಜು ಕೊರೆದ ಮೇಲೆಯೇ ಟರ್ನಿಪ್ಪಿನ ಎಲೆ ಸಿಹಿಯಾಗುವುದು. ಕೋವಿಕಾಲದ ಹಿಂದಿನ ದಿನದವರೆಗೂ ಒಂದು ಮೂತಿಯೂ ಒಳಗೆ ಹೋಗಕೂಡದು. ಅಂದು ಸಂಜೆ ಬೇಲಿ ಬಿಚ್ಚುವನು.

ಆ ಬೇಲಿಗೆ ಗೇಲೆನ್ ಒಂದು ಪಾಠ ಕಟ್ಟುತ್ತಿದ್ದ. ತಂತಿಯ ಉದ್ದಕ್ಕೂ ಬೆಳ್ಳಿಕಾಗದದ ಚೂರು ಮಡಚಿ, ಅದಕ್ಕೆ ಕಡಲೆಬೀಜದ ಬೆಣ್ಣೆ ಸವರುವುದು. ಜಿಂಕೆ ಆಸೆಯಿಂದ ಬಂದು ನಾಲಿಗೆ ಚಾಚುತ್ತದೆ, ಚಟ್ ಅನ್ನುತ್ತದೆ. ಒಮ್ಮೆ ಹಾಗೆ ಮೂತಿ ಸುಟ್ಟುಕೊಂಡ ಜಿಂಕೆ ಜನ್ಮದಲ್ಲಿ ಆ ತಂತಿಯ ಹತ್ತಿರ ಸುಳಿಯುವುದಿಲ್ಲ, ತನ್ನ ಮರಿಗಳನ್ನೂ ಬಿಡುವುದಿಲ್ಲ.

ಗೇಲೆನ್‌ಗೆ ಕೋಪ ಮೂಗಿನ ತುದಿಯಲ್ಲಿತ್ತು. ಕಾಫಿ ತಣ್ಣಗಾದರೆ ಕೂಗು, ಬಾಗಿಲು ಕಿರುಗುಟ್ಟಿದರೆ ಕೂಗು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಅವನದು ಸುಡದೆಯೇ ಹೋಯಿತು. ಕೊನೆಯ ವರ್ಷ ಮನುಷ್ಯ ಮೆತ್ತಗಾದ. ಹೇಳಿದ್ದಕ್ಕೆಲ್ಲ ಹೂಂ ಅನ್ನುವನು. ಸಂಜೆ ಅವಳ ಪಕ್ಕದಲ್ಲೇ ಕೂತು ಕಿಟಕಿಯಾಚೆ ನೋಡುವನು. ಚರ್ಚಿನ ನೆಲಮನೆಯಲ್ಲಿ ಹೆಂಗಸರೆಲ್ಲ ಸೇರಿ ಲೆಫ್ಸೆ ರೊಟ್ಟಿ ಸುಡುವಾಗ ಆರ್ಡಿಸ್, "ನಮ್ಮೋನಿಗೆ ಈಗ ಬುದ್ಧಿ ಬಂದಿದೆ ಕಣ್ರೇ, ನಲವತ್ತು ವರ್ಷ ಕಾದಿದ್ದು ಸಾರ್ಥಕ ಆಯ್ತು" ಎಂದು ಎಲ್ಲರನ್ನೂ ನಗಿಸಿದ್ದಳು.

ಅದೇ ವರ್ಷದ ಬೇಲಿಯ ತಮಾಷೆಯನ್ನೂ ಅವಳು ಎಷ್ಟೋ ಸಲ ಹೇಳಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಹಸಿ ಹುಲ್ಲಿನಲ್ಲಿ ನಿಂತಿದ್ದರು. ಗೇಲೆನ್ ಎಡಗೈಯಲ್ಲಿ ತಂತಿ ಹಿಡಿದುಕೊಂಡೇ ಏನೋ ಮಾತಾಡುತ್ತಿದ್ದ.

"ಕರೆಂಟ್ ಇಲ್ಲವೇನ್ರೀ?" ಎಂದಳು ಆರ್ಡಿಸ್.

"ಇಲ್ಲ ಅನ್ಸುತ್ತೆ. ಬ್ಯಾಟರಿ ಸತ್ತಿರ್ಬೇಕು."

ಅವಳು ಬೆರಳು ತಾಗಿಸಿದಳು. ಮೊಣಕೈವರೆಗೆ ಝಾಡಿಸಿ ಒದ್ದಂತಾಗಿ ಹುಲ್ಲಿನ ಮೇಲೆ ಕುಕ್ಕರಿಸಿದಳು. ಗೇಲೆನ್ ತನ್ನ ಕೈ ನೋಡಿಕೊಂಡು, "ನಂಗೆ ಗೊತ್ತೇ ಆಗ್ಲಿಲ್ವಲ್ಲೇ!" ಅಂದ. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಆ ನವೆಂಬರ್, ಕೋವಿಕಾಲದ ಮೊದಲ ದಿನ, ಮಧ್ಯಾಹ್ನದ ಊಟಕ್ಕೆ ಗೇಲೆನ್ ಬರಲಿಲ್ಲ. ಬೈದುಕೊಳ್ಳುತ್ತಲೇ ಅವಳು ಗುಡ್ಡ ಹತ್ತಿದಳು. ಅಟ್ಟಣೆಯಲ್ಲಿ ಅವನು ಕೂತೇ ಇದ್ದ. ಸೊಂಟದ ಪಟ್ಟಿ ಮರಕ್ಕೆ ಬಿಗಿದಿತ್ತು, ಗಲ್ಲ ಎದೆಗೆ ತಾಗಿತ್ತು, ತೊಡೆಯ ಮೇಲಿದ್ದ ಕೋವಿಯಿಂದ ಒಂದೂ ಗುಂಡು ಹೋಗಿರಲಿಲ್ಲ. ಅವನ ಬೂಟುಗಳ ನೇರ ಕೆಳಗೆ ಒಂದು ಹೆಣ್ಣು ಜಿಂಕೆ ನಿರಾಳವಾಗಿ ಟರ್ನಿಪ್ ಸೊಪ್ಪು ಮೇಯುತ್ತಿತ್ತು. ಅದರ ಎಡಗಿವಿ ಯಾವತ್ತೋ ಮುಳ್ಳುತಂತಿಗೆ ಸಿಕ್ಕಿ ಹರಿದಿತ್ತು. ಅದು ತಲೆಯೆತ್ತಿ ಆರ್ಡಿಸಳನ್ನು ಬಹಳ ಹೊತ್ತು ನೋಡಿತು. ಆಮೇಲೆ ಬಿಳಿ ಬಾಲ ಎತ್ತಿಕೊಂಡು ಕಾಡು ಸೇರಿತು.

ಆಸ್ಪತ್ರೆಯಲ್ಲಿ ವೈದ್ಯ, "ಸಕ್ಕರೆ ಕಾಯಿಲೆಯಮ್ಮ, ಬಹಳ ದಿನದಿಂದ ನರಗಳನ್ನು ಒಳಗೇ ತಿಂದಿದೆ. ಹೃದಯ ಸದ್ದಿಲ್ಲದೆ ನಿಂತಿದೆ. ಸೂಚನೆ ಏನೂ ಕಾಣಿಸಲಿಲ್ಲವೆ?" ಎಂದು ಕೇಳಿದ.

"ಏನೂ ಇರಲಿಲ್ಲ. ಈ ವರ್ಷ ಎಂದಿಗಿಂತ ಚೆನ್ನಾಗಿದ್ರು" ಅಂದಳು ಆರ್ಡಿಸ್.

ಅವನನ್ನು ಕೊನೆಯದಾಗಿ ಜೀವಂತ ಕಂಡದ್ದು ತಾನಲ್ಲ, ಆ ಹರುಕುಕಿವಿ. ಈ ಯೋಚನೆ ಅವಳ ತಲೆಗೆ ಹೊಕ್ಕಿದ್ದು ಮತ್ತೆ ಇಳಿಯಲಿಲ್ಲ. ಅವಳು ತಾಕು ಬಿಡಲಿಲ್ಲ. ಸುಣ್ಣ ಹೊತ್ತಳು, ಬೀಜ ಎರಚಿದಳು, ಬೇಲಿ ಕಟ್ಟಿ ಬೆಳ್ಳಿಕಾಗದಕ್ಕೆ ಬೆಣ್ಣೆ ಸವರಿದಳು. ಕೋವಿಯನ್ನು ಮಾತ್ರ ಆ ಗುಡ್ಡಕ್ಕೆ ಯಾರೂ ತರಬಾರದು ಎಂದು ಕಟ್ಟಪ್ಪಣೆ ಮಾಡಿದಳು. ಹರುಕುಕಿವಿ ಬದುಕಿರಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದು.

"ಅತ್ತಿಗೆ, ನೀನು ಅನ್ನಛತ್ರ ಇಟ್ಟಿದೀಯ ಅಂತ ಪಕ್ಕದ ಕಣಿವೆ ಜಿಂಕೆಗೂ ಸುದ್ದಿ ಹೋಗಿದೆ" ಎಂದು ರೋಲಿ ಸಿಕ್ಕಾಗಲೆಲ್ಲ ಕೆಣಕುವನು. "ಒಂದೇ ಒಂದು ದಿನ ಅಣ್ಣನ ಅಟ್ಟಣೆ ಕೊಡು. ಒಂದು ಕೊಂಬಿನ ಗಂಡು, ಸಾಕು."

"ಕೊಂಬು ಬೇಕಿದ್ರೆ ಹೇಳು, ಈ ಸೌಟಲ್ಲೇ ಮೂಡಿಸ್ತೀನಿ."

ಎರಡನೆಯ ವರ್ಷದ ಶರತ್ತಿನಲ್ಲಿ ಹರುಕುಕಿವಿ ಹತ್ತಿರ ಬರತೊಡಗಿತು. ಬೆಳಿಗ್ಗೆ ಬೇಲಿ ನೋಡಲು ಅವಳು ಹೋದರೆ ಕ್ಲೋವರಿನಲ್ಲಿ ಒಂಟಿಯಾಗಿ ನಿಂತಿರುವುದು. ಮೊದಲು ಕಲ್ಲೆಸೆತದ ದೂರ, ಆಮೇಲೆ ಅದರ ಉಸಿರು ಕೇಳಿಸುವಷ್ಟು ಹತ್ತಿರ. ಓಡುತ್ತಿರಲಿಲ್ಲ, ಬಾಲ ಎತ್ತುತ್ತಿರಲಿಲ್ಲ. ತಲೆ ತಗ್ಗಿಸಿ, ಕಿವಿ ಇಳಿಬಿಟ್ಟು ನಿಲ್ಲುವುದು. ಆರ್ಡಿಸಳಿಗೆ ಮೈ ಜುಮ್ಮೆಂದಿತು. ಇಡೀ ಕಣಿವೆ ಹೆದರುವ ತನ್ನ ಮುಂದೆ ಕಾಡಿನ ಪ್ರಾಣಿ ಬಂದು ನಿಲ್ಲುವುದೆಂದರೆ ಸುಮ್ಮನೆ ಆದೀತೆ? ಇದಕ್ಕೆ ತನ್ನ ಗುರುತಿದೆ, ಏನೋ ಹೇಳಲು ಬಂದಿದೆ ಅನ್ನಿಸಿತು. ಅವಳು ಮಾತಾಡಿಸತೊಡಗಿದಳು. ಮನೆಯ ಸುದ್ದಿ ಹೇಳುವಳು, ರೋಲಿಯನ್ನು ಬೈಯುವಳು. ಒಂದು ದಿನ ಕೇಳಿಯೂ ಬಿಟ್ಟಳು.

"ಅವತ್ತು ಅವ್ರು ಏನಾದ್ರೂ ಅಂದ್ರಾ? ನನ್ನ ಕರೆದ್ರಾ?"

ಹರುಕುಕಿವಿಯ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಹಸಿವೆಂದುಕೊಂಡಳು. ಪಕ್ಕೆಲುಬು ಎದ್ದು ಕಾಣುತ್ತಿದ್ದವು. ವಯಸ್ಸೆಂದುಕೊಂಡಳು. ಬೇಲಿಯೊಳಗಿನಿಂದ ಗೆಡ್ಡೆ ಕಿತ್ತು ತಂದು ಅದರ ಮುಂದೆ ಹಾಕತೊಡಗಿದಳು.

ಕೋವಿಕಾಲಕ್ಕೆ ಒಂದು ವಾರ ಇರುವಾಗ ರೋಲಿ ಬಂದ. ಒಲೆಯ ಮೇಲೆ ಕುದಿಯುತ್ತಿದ್ದ ಕಾಫಿಯ ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ ತನ್ನ ಬಟ್ಟಲಿಗೆ ಬಗ್ಗಿಸಿಕೊಂಡ.

"ಬಟ್ಟೆ ಹಿಡ್ಕೊಳೋ, ಕೈ ಸುಡಲ್ವಾ?"

"ನಮ್ಮ ವಂಶದ್ದು ಎಮ್ಮೆ ಚರ್ಮ ಅತ್ತಿಗೆ." ಅವನು ಕೂತ, ಎಂದಿನಂತೆ ನಗಲಿಲ್ಲ. "ಕೆಳಗಿನ ಹೊಳೆ ಹತ್ರ ಎರಡು ಜಿಂಕೆ ಸತ್ತು ಬಿದ್ದಿದ್ವು. ಸೊರಗು ರೋಗ. ವನ್ಯಜೀವಿ ಇಲಾಖೆಯವ್ರು ತಲೆ ಪರೀಕ್ಷೆ ಮಾಡಿ ಹೇಳಿದ್ರು."

"ಅದಕ್ಕೆ ನಾನೇನು ಮಾಡ್ಲಿ?"

"ಅದು ಜೊಲ್ಲಿಂದ ಹರಡುತ್ತಂತೆ. ಜೊಲ್ಲು ಬಿದ್ದ ಮಣ್ಣಲ್ಲೂ ವರ್ಷಗಟ್ಟಲೆ ಇರುತ್ತಂತೆ. ನಿನ್ನ ತಾಕಲ್ಲಿ ಇಡೀ ಕಣಿವೆ ಜಿಂಕೆ ಒಂದೇ ತಟ್ಟೇಲಿ ಉಣ್ತಾವೆ. ರೋಗದ ಜಿಂಕೆ ಒಂದು ಬಂದ್ರೂ ಸಾಕು, ಎಲ್ಲ ಹೋದ್ವು. ಬಡಕಲಾಗಿರುತ್ತೆ, ಕಿವಿ ಜೋತಾಡ್ತಿರುತ್ತೆ, ಮನುಷ್ಯರ ಭಯ ಇರಲ್ಲ. ಅಂಥದ್ದು ಕಂಡ್ರೆ ಹೊಡೀಬೇಕು ಅತ್ತಿಗೆ. ತಾಕೂ ಉತ್ತು ಹಾಕ್ಬೇಕು."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋನು ನೀನು" ಎಂದು ಆರ್ಡಿಸ್ ಎದ್ದುಹೋದಳು. ಆದರೆ ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು. ತನಗೂ ಸತ್ತ ಗಂಡನಿಗೂ ನಡುವೆ ಉಳಿದ ಒಂದೇ ಜೀವವನ್ನು ಹೊಡೆಯಬೇಕೆಂದರೆ ಹೇಗೆ?

ಮಾರನೆಯ ಬೆಳಿಗ್ಗೆ ಅವಳು ಗೆಡ್ಡೆ ಕೀಳಲು ಬೇಲಿಯೊಳಗೆ ಹೋದಾಗ ಹರುಕುಕಿವಿ ಬೇಲಿಯ ಆಚೆ ನಿಂತಿತ್ತು. ಅವಳನ್ನು ಕಂಡು ನೇರ ಅವಳತ್ತ ನಡೆದುಬಂತು. ನಡುವೆ ತಂತಿ ಇತ್ತು. ಬೆಳ್ಳಿಕಾಗದದ ಚೂರುಗಳು ಗಾಳಿಗೆ ಅಲುಗುತ್ತಿದ್ದವು. ಯಾವ ತಂತಿಯನ್ನು ಕಂಡರೆ ಆ ಗುಡ್ಡದ ಜಿಂಕೆಗಳೆಲ್ಲ ದೂರದಿಂದಲೇ ಬಳಸಿ ಹೋಗುತ್ತಿದ್ದವೋ, ಅದೇ ತಂತಿಯನ್ನು ಹರುಕುಕಿವಿ ಎದೆಯಿಂದ ತಳ್ಳಿತು. ಎದೆಯ ಕೂದಲಿನಲ್ಲಿ ಚಟ್ ಚಟ್ ಎಂದು ಕಿಡಿ ಹಾರಿತು. ಅದು ಬೆದರಲಿಲ್ಲ. ಗೂಟ ಕಿತ್ತು ಬಂತು, ಟರ್ನಿಪ್ ಸಾಲಿನ ಮೇಲೆ ತಂತಿ ಎಳೆದುಕೊಂಡೇ ಬಂದು ಅವಳೆದುರು ನಿಂತಿತು.

ಅದರ ಕಣ್ಣನ್ನು ಆರ್ಡಿಸ್ ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಅಲ್ಲಿ ಗುರುತೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಯಾರೂ ಇರಲಿಲ್ಲ.

"ನಂಗೆ ಗೊತ್ತೇ ಆಗ್ಲಿಲ್ವಲ್ಲೇ!"

ಗೇಲೆನ್ನನ ದನಿ ಕಿವಿಯ ಪಕ್ಕದಲ್ಲೇ ಕೇಳಿತು. ಹಸಿ ಹುಲ್ಲಿನಲ್ಲಿ ನಿಂತು, ತಂತಿ ಹಿಡಿದ ತನ್ನ ಎಡಗೈಯನ್ನೇ ಬೆರಗಿನಿಂದ ನೋಡಿಕೊಳ್ಳುತ್ತಿದ್ದ ಗೇಲೆನ್. ಕೂಗಾಡುವುದು ಬಿಟ್ಟ ಗೇಲೆನ್. ಎಲ್ಲದಕ್ಕೂ ಹೂಂ ಎಂದು ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ ಗೇಲೆನ್. ಅದು ಬುದ್ಧಿ ಬಂದದ್ದಲ್ಲ, ಪ್ರೀತಿ ಹೆಚ್ಚಾದದ್ದಲ್ಲ. ವರ್ಷವಿಡೀ ಅವನು ಅವಳ ಕಣ್ಣೆದುರೇ ಆರಿಹೋಗುತ್ತಿದ್ದ. ಅವಳು ಮನೆ ತಣ್ಣಗಿದೆಯೆಂದು ಸುಖಪಟ್ಟಳು, ನಾಲ್ಕು ಜನಕ್ಕೆ ಹೇಳಿಕೊಂಡು ನಕ್ಕಳು. ಆರ್ಡಿಸ್ ಹೌಗ್ ಟರ್ನಿಪ್ ಸಾಲಿನಲ್ಲಿ ಕೂತು, ಗಂಡ ಸತ್ತಾಗಲೂ ಅಳದ ಹಾಗೆ ಅತ್ತಳು. ಜಿಂಕೆ ಅಲ್ಲೇ ಜೊಲ್ಲು ಸುರಿಸುತ್ತ ನಿಂತಿತ್ತು.

ಆ ಸಂಜೆ ಅವಳು ಗೂಟ ನೆಟ್ಟು ತಂತಿ ಬಿಗಿದಳು. ಜೊಲ್ಲು ಬಿದ್ದ ಗೆಡ್ಡೆಗೆ ಬೇರೆ ಜಿಂಕೆ ಬಾಯಿ ಹಾಕಬಾರದಲ್ಲ. ಆಮೇಲೆ ರೋಲಿಗೆ ಫೋನ್ ಮಾಡಿ, "ಶನಿವಾರ ಟ್ರಾಕ್ಟರ್ ತಗೊಂಡು ಬಾ. ಗುಂಡಿನ ಸದ್ದು ಕೇಳಿದ ಮೇಲೆ ಬಾ, ಮುಂಚೆ ಬೇಡ" ಅಂದಳು.

"ಅತ್ತಿಗೆ, ನಾನು ಹೊಡೀತೀನಿ ಬಿಡು."

"ಅದು ನನ್ನ ಕೆಲ್ಸ."

ಶನಿವಾರ ಬೆಳಕು ಹರಿಯುವಾಗ ಅವಳು ಮೊದಲ ಬಾರಿಗೆ ಆ ಅಟ್ಟಣೆ ಹತ್ತಿ ಗಂಡನ ಜಾಗದಲ್ಲಿ ಕೂತು, ಅವನ ಪಟ್ಟಿಯನ್ನೇ ಸೊಂಟಕ್ಕೆ ಬಿಗಿದುಕೊಂಡಳು. ಹಲಗೆ ತಣ್ಣಗಿತ್ತು. ಹಿಂದೆ ಯಾರೋ ಉಸಿರಾಡಿದಂತಾಗಿ ಎರಡು ಸಲ ತಿರುಗಿ ನೋಡಿದಳು. ಅವಳು ತೊಟ್ಟಿದ್ದ ಅವನ ಕಿತ್ತಳೆ ಬಣ್ಣದ ಬೇಟೆಯಂಗಿಯಿಂದ ಇನ್ನೂ ಅವನ ವಾಸನೆ ಬರುತ್ತಿತ್ತು. ಹರುಕುಕಿವಿ ಮರಗಳ ನಡುವಿನಿಂದ ಎಡವುತ್ತ ಬಂದು ಕ್ಲೋವರಿನಲ್ಲಿ ನಿಂತಿತು. ಅವಳು ಈ ಸಲ ಏನೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಕಲಿಸಿದಂತೆ ಉಸಿರು ಅರ್ಧ ಬಿಟ್ಟು ಹಿಡಿದು, ಗುಂಡು ಹಾರಿಸಿದಳು. ಅದು ನಿಂತಲ್ಲೇ ಮಂಡಿಯೂರಿತು.

ರೋಲಿ ಬಂದಾಗ ಅವಳು ಕೆಳಗಿಳಿದು ಜಿಂಕೆಯ ಮೇಲೆ ತಾಡಪಾಲು ಹೊದಿಸಿದ್ದಳು. ಅವನು ಟೋಪಿ ತೆಗೆದ. ಅಣ್ಣನ ಅಟ್ಟಣೆಯತ್ತ ಒಮ್ಮೆ ನೋಡಿದ.

"ತಲೇನ ಪರೀಕ್ಷೆಗೆ ಇಲಾಖೆಯ ಪೆಟ್ಟಿಗೇಲಿ ನಾನು ಹಾಕ್ತೀನಿ. ನೆಲ ಇನ್ನೂ ಗಟ್ಟಿಯಾಗಿಲ್ಲ, ಊಟದ ಹೊತ್ತಿಗೆ ಎಲ್ಲ ಉತ್ತುಬಿಡಬಹುದು. ನೀನು ಮನೆಗೆ ಹೋಗು ಅತ್ತಿಗೆ. ಈ ಬೇಲಿ ಮೊದ್ಲು ಬಿಚ್ತೀನಿ."

ಅವನು ಕೈಗವಸು ಕಳಚಿ ಜೇಬಿಗೆ ತುರುಕಿ, ತಂತಿಯನ್ನು ಹಿಡಿದು ಗೂಟದಿಂದ ಎತ್ತಿದ. ಹಿಡಿದುಕೊಂಡೇ ಮುಂದಿನ ಗೂಟದತ್ತ ನಡೆದ.

ಆರ್ಡಿಸ್ ತಂತಿಗೆ ಕರೆಂಟ್ ಹಾಯಿಸುವ ಬ್ಯಾಟರಿ ಪೆಟ್ಟಿಗೆಯತ್ತ ತಿರುಗಿದಳು. ಟಿಕ್, ಟಿಕ್ ಎನ್ನುತ್ತಿತ್ತು. ಪೆಟ್ಟಿಗೆಯ ಹಸಿರು ದೀಪ ಮಿನುಗುತ್ತಿತ್ತು.

"ರೋಲಿ."

"ಏನು?"

"ಅದು ಆಫ್ ಆಗಿಲ್ಲ ಕಣೋ."

ರೋಲಿ ತಂತಿ ನೋಡಿದ, ಕೈ ನೋಡಿದ. ಬೆರಳು ಇನ್ನೊಂದಿಷ್ಟು ಬಿಗಿ ಮಾಡಿದ. ಅವನ ಮುಖದ ಮೇಲೆ ಬಂದ ಬೆರಗನ್ನು ಅವಳು ಹಿಂದೆ ಒಮ್ಮೆ ಕಂಡಿದ್ದಳು.

"ಅರೆ! ಹೇಳಿದ್ನಲ್ಲ ಅತ್ತಿಗೆ, ಎಮ್ಮೆ ಚರ್ಮ" ಎಂದು ಅವನು ನಗಲು ಶುರುಮಾಡಿದ.

"ನಗಬೇಡ!" ಆ ಕೂಗಿಗೆ ಮರದ ಮೇಲಿನ ಕಾಗೆಗಳು ಎದ್ದವು. "ನಗಬೇಡ ರೋಲಿ. ಅವತ್ತು ನಾನು ನಕ್ಕೆ." ಅವಳು ಹೋಗಿ ಅವನ ಕೈಯಿಂದ ತಂತಿಯನ್ನು ಕಿತ್ತೆಸೆದಳು. ಏಟು ಅವಳ ತೋಳಿಗೆ ಪೂರ್ತಿ ಹೊಡೆಯಿತು, ಹಲ್ಲು ಕಚ್ಚಿಕೊಂಡಳು. "ನನ್ನ ಗಾಡಿ ಹತ್ತು. ಆಸ್ಪತ್ರೆಗೆ ಹೋಗ್ಬೇಕು. ಈಗ್ಲೇ."

"ಜಿಂಕೆ? ಉಳೋದು?"

"ನಾಳೆ. ಹತ್ತು ಅಂದ್ರೆ ಹತ್ತೋ."

ಶಾಲೆಯಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದವರ ಹಾಗೆ ರೋಲಿ ಮರುಮಾತಾಡದೆ ಹತ್ತಿದ. ಗುಡ್ಡ ಇಳಿಯುವ ದಾರಿಯುದ್ದಕ್ಕೂ ಅವಳು ಒಂದು ಕೈಯಲ್ಲಿ ಗಾಡಿ ನಡೆಸುತ್ತ ಇನ್ನೊಂದರಲ್ಲಿ ಅವನ ಬೆರಳುಗಳನ್ನು ಒಂದೊಂದಾಗಿ ಹಿಸುಕಿ, "ಗೊತ್ತಾಗುತ್ತಾ? ಇದು?" ಎಂದು ಕೇಳುತ್ತಲೇ ಇದ್ದಳು.