ಅವ್ವನ ಕೈಗೆ ಸಿಕ್ಕ ಸ್ಟೇಷನ್

ನಮ್ಮ ಮನೆಯ ಹಳೆ ರೇಡಿಯೋದಲ್ಲಿ ಎಫ್.ಎಂ. ಬರುತ್ತಿರಲಿಲ್ಲ. ಬರುವಂಥದ್ದೊಂದು ಹೊಸದು ತಂದರಾಯಿತು ಎಂದು ಅಪ್ಪ ಅಂದದ್ದೇ ನನ್ನ ಹಟಕ್ಕೆ ಕಾರಣ. ನಾನಾಗ ಬಿ.ಎಸ್ಸಿ. ಮುಗಿಸಿ ನರಗುಂದದ ಮನೆಯಲ್ಲಿ ಕುಳಿತಿದ್ದೆ. ಓದಿದ್ದು ಫಿಸಿಕ್ಸ್, ಮಾಡುತ್ತಿದ್ದದ್ದು ಅವ್ವನ ಜೊತೆ ಜಗಳ. "ಅಂಗಡ್ಯಾಗ ಸಿಗೋದನ್ನ ಯಾರರ ಕೊಂಡಾರು. ನಾನ ಮಾಡ್ತೀನಿ," ಎಂದೆ. ರೋಣ, ಗಜೇಂದ್ರಗಡದ ಸಂತೆಗಳಿಗೆ ಬಟ್ಟೆ ಗಂಟು ಕಟ್ಟಿಕೊಂಡು ತಿರುಗುತ್ತಿದ್ದ ಅಪ್ಪನಿಗೆ ನನ್ನೊಡನೆ ವಾದ ಮಾಡುವಷ್ಟು ಪುರುಸೊತ್ತಿರಲಿಲ್ಲ. ಹುಬ್ಬಳ್ಳಿಗೆ ಮಾಲು ತರಲು ಹೋದಾಗ ರೇಡಿಯೋ ಜೋಡಿಸುವ ಒಂದು ಕಿಟ್ ತಂದುಕೊಟ್ಟು ಸುಮ್ಮನಾದರು.

ಎಫ್.ಎಂ. ಬೇಕಾಗಿದ್ದು ಹಾಡಿಗಲ್ಲ, ಅಕ್ಕನಿಗಾಗಿ. ಮದುವೆಯಾಗಿ ಹುಬ್ಬಳ್ಳಿಗೆ ಹೋಗಿದ್ದ ಅಕ್ಕ ಅಲ್ಲಿಯ ಎಫ್.ಎಂ.ನ ಮಹಿಳೆಯರ ಕಾರ್ಯಕ್ರಮದಲ್ಲಿ ಹಬ್ಬದ ಸಿಹಿ ಮಾದಲಿ ಮಾಡುವುದನ್ನು ಹೇಳಿಕೊಡುವವಳಿದ್ದಳು. ಅದೂ ನೇರ ಪ್ರಸಾರ. ಇದರಲ್ಲೇನು ದೊಡ್ಡದು ಎನ್ನುವವರಿಗೆ ನಮ್ಮ ಅಕ್ಕ ಗೊತ್ತಿಲ್ಲ. ಚಿಕ್ಕಂದಿನಿಂದ ಅವಳಿಗೆ ಮಾತು ತಡೆಯುತ್ತಿತ್ತು. ಅದರಲ್ಲೂ 'ಬ' ಬಂತೆಂದರೆ ಮುಗಿಯಿತು, ಮುಚ್ಚಿದ ತುಟಿ ತೆರೆಯುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗಿಯರು ನಕ್ಕರು, ಹೆಣ್ಣು ನೋಡಲು ಬಂದವರು ಮುಖ ಮುಖ ನೋಡಿಕೊಂಡರು. ಹೊಸಬರ ಮುಂದೆ ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಅಂಥವಳು ಈಗ ಊರಿಗೆಲ್ಲ ಕೇಳುವಂತೆ ಮಾತಾಡಲು ಒಪ್ಪಿಕೊಂಡಿದ್ದಾಳೆ ಎಂದು ತಿಳಿದಾಗಿನಿಂದ ಅವ್ವನಿಗೆ ಊಟ ಸೇರುತ್ತಿರಲಿಲ್ಲ.

"ನಡುವ ನಿಂತ್ಲಂದ್ರ ಹ್ಯಾಂಗ? ಮತ್ತ ಜನ್ಮಕ್ಕ ಬಾಯಿ ತೆರ್ಯಂಗಿಲ್ಲ ನೋಡು ಅಕಿ," ಎನ್ನುತ್ತಿದ್ದಳು.

ನಾನು ಪಡಸಾಲೆಯಲ್ಲಿ ಬೋರ್ಡು ಹರಡಿಕೊಂಡು ಬೆಸುಗೆ ಹಾಕಲು ಕುಳಿತೆ. ರಾಳದ ಹೊಗೆ ಮನೆಯೆಲ್ಲ ತುಂಬಿತು. ದೇವರಿಗೆ ಊದಿನಕಡ್ಡಿ ಹಚ್ಚಲು ಬೇಸರಪಡುವವಳು ಇದಕ್ಕೆ ದಿನಾ ಧೂಪ ಹಾಕುತ್ತೀಯಲ್ಲ ಎಂದು ಅವ್ವ ಚುಚ್ಚಿದಳು. ನನಗೋ ನಿಧಾನ ಎಂಬುದು ಹುಟ್ಟಿನಿಂದಲೇ ಬಂದಿಲ್ಲ. ಸ್ಟೇಷನ್ ಹಿಡಿಯಬೇಕಾದ, ತಂತಿ ಸುತ್ತಿದ ಸಣ್ಣ ಕಾಯಿಲನ್ನು ಎಳೆದಾಡಿ ಮುರಿದುಹಾಕಿದೆ. ಬಸ್‌ಸ್ಟ್ಯಾಂಡ್ ಹತ್ತಿರ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಚಾಚಾನ ಅಂಗಡಿಗೆ ಹೋಗಿ ಒಂದು ಗೇಣು ತಾಮ್ರದ ತಂತಿ ಕೇಳಿದೆ.

"ಇದರಾಗ ನೀರು ಎತ್ತೋ ಕರೆಂಟ್ ಬರ್ತೈತಿ ಬೇಟಿ. ಹಾಡೂ ಬರ್ತೈತೇನು?" ಎಂದರು ಚಾಚಾ.

"ಬರ್ತೈತ್ರಿ," ಎಂದೆ. ಬರುತ್ತದೆಂದು ನನಗೇ ನಂಬಿಕೆ ಇರಲಿಲ್ಲ.

ಪೆನ್ಸಿಲ್ಲಿಗೆ ಸುತ್ತಿ ತೆಗೆದು ಹೊಸ ಕಾಯಿಲ್ ಕೂಡಿಸಿದೆ. ಬೋರ್ಡನ್ನು ಮಾಳಿಗೆಗೆ ಒಯ್ದು, ಅಲ್ಲಿ ಬಟ್ಟೆ ಒಣಹಾಕುವ ತಂತಿಯನ್ನೇ ಏರಿಯಲ್ ಮಾಡಿದೆ. ಬ್ಯಾಟರಿ ಹಚ್ಚಿದರೆ ಸ್ಪೀಕರಿನಿಂದ ಸುಯ್ಯೆನ್ನುವ ಸದ್ದು ಬಿಟ್ಟು ಬೇರೇನಿಲ್ಲ. ಅಕ್ಕನ ಕಾರ್ಯಕ್ರಮದ ದಿನ ಬೆಳಿಗ್ಗೆಯೂ ಅದೇ ಸುಯ್. ಊರ ಗುಡ್ಡಕ್ಕೆ, ಗಾಳಿಗೆ, ಹುಬ್ಬಳ್ಳಿಗೆ ಎಲ್ಲಕ್ಕೂ ಬೈದೆ.

ಅವ್ವ ಮೆಣಸಿನಕಾಯಿ ಹರವಲು ಮಾಳಿಗೆಗೆ ಬಂದಳು. ಬೋರ್ಡಿನ ಆಚೆ ಬಿದ್ದ ಮೆಣಸಿನಕಾಯಿಗಳನ್ನು ಎಳೆದುಕೊಳ್ಳಲು ಅದರ ಮೇಲಿಂದ ಕೈ ಚಾಚಿದಳು. ಸುಯ್ ಸದ್ದು ಒಮ್ಮೆಲೇ ಅಳಿದುಹೋಗಿ, ಒಬ್ಬ ಹೆಂಗಸು ನಮ್ಮ ಮಗ್ಗುಲಲ್ಲೇ ಕುಳಿತಂತೆ ಹಾಡತೊಡಗಿದಳು. ಅವ್ವ ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದಳು. ಹಾಡು ಹೋಯಿತು, ಸುಯ್ ಬಂತು.

"ಮತ್ತ ಚಾಚು," ಎಂದೆ. ಚಾಚಿದಳು. ಹಾಡು ಬಂತು.

ಕಾಯಿಲಿನ ಹತ್ತಿರ ಕೈ ಬಂದರೆ ಅದು ಹಿಡಿಯುವ ಸ್ಟೇಷನ್ ತುಸು ಸರಿಯುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಮೆಣಸಿನಕಾಯಿ ಘಾಟಿನ ಆ ಕೈ ಗಾಳಿಯೊಳಗಿಂದ ಒಂದು ದನಿಯನ್ನು ಹಿಡಿದು ತಂದದ್ದನ್ನು ಕಂಡಾಗ ನನ್ನ ಮೈ ಜುಮ್ಮೆಂದಿತು. ದಿನಾ ಬಟ್ಟೆ ಒಣಗುವ ಈ ಗಾಳಿಯಲ್ಲಿ ಹಾಡು ಮೊದಲಿನಿಂದಲೂ ಇತ್ತು. ನಾವು ಅದರೊಳಗೇ ಓಡಾಡಿಕೊಂಡಿದ್ದೆವು. ನಾನೂ ಕೈ ಚಾಚಿ ನೋಡಿದೆ. ನನ್ನ ಕೈಗೂ ಹಾಡು ಬಂತು, ಉಳಿಯಲಿಲ್ಲ. ಒಂದು ಕಡೆ ಕೈ ಇಡುವುದು ನನ್ನಿಂದ ಆಗದ ಮಾತು.

ಹಾಗಾಗಿ ಮಧ್ಯಾಹ್ನ ಅವ್ವನೇ ಕೈ ಚಾಚಿ ಕುಳಿತಳು. ಅಪ್ಪ ಸಂತೆಗೆ ಹೋಗಿದ್ದರು, ಇದ್ದವರು ನಾವಿಬ್ಬರೇ. ಅಕ್ಕನ ನಮಸ್ಕಾರ ಕೇಳಿತು. ಅದು ಅಕ್ಕನ ದನಿಯೇ, ಆದರೆ ನಮ್ಮ ಮನೆಯಲ್ಲಿ ಅವಳು ಎಂದೂ ಇಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ. ಗೋಧಿ ತರಿಯಾಗಿ ಒಡೆಸಬೇಕೆಂದಳು, ಚಪಾತಿ ದಪ್ಪ ತಟ್ಟಬೇಕೆಂದಳು, 'ಬೇಯಿಸಬೇಕು' ಎನ್ನುವ ಕಡೆ ಜಾಣೆಯಂತೆ "ಸುಡಬೇಕು" ಎಂದು ದಾಟಿಕೊಂಡಳು. ನಾನು ನಕ್ಕೆ. ಅವ್ವ ನಗಲಿಲ್ಲ. ಮುಂದೇನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬೆಲ್ಲವಿಲ್ಲದ ಮಾದಲಿ ಎಲ್ಲಿದೆ?

"ಕುಟ್ಟಿದ ಪುಡಿಗೆ," ಎಂದಳು ಅಕ್ಕ, "ಅಷ್ಟೇ ಅಳತೆಯ..."

ಆಮೇಲೆ ಏನೂ ಇಲ್ಲ.

ನಾನು ಅವ್ವನ ಕೈಯನ್ನೇ ನೋಡುತ್ತಿದ್ದೆ. ಅದು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಸರಿದಿದ್ದರೆ ಸುಯ್ ಬರಬೇಕಿತ್ತು, ಬರಲಿಲ್ಲ. ಸ್ಪೀಕರಿನಲ್ಲಿ ಇದ್ದದ್ದು ಅಕ್ಕ ತುಟಿ ಮುಚ್ಚಿ ನಿಂತ ಮೌನ. ಹುಬ್ಬಳ್ಳಿಯಲ್ಲಿ ಅವಳು ನಿಂತಿದ್ದಳು, ಇಲ್ಲಿ ಅವ್ವ ಉಸಿರು ಬಿಗಿಹಿಡಿದು ಆ ಮೌನವನ್ನೂ ಕೈಬಿಡದೆ ಕುಳಿತಿದ್ದಳು. ತೋಳು ಸೋತು ಕುತ್ತಿಗೆಯ ನರ ಉಬ್ಬಿತ್ತು. ನಾನು ಅವ್ವನನ್ನು ಅಷ್ಟು ದಿನ ನೋಡಿಯೇ ಇರಲಿಲ್ಲವೇನೋ ಅನ್ನಿಸಿತು.

"ಬೆಲ್ಲ," ಎಂದಳು ಅಕ್ಕ. ಒಡೆದು ಹೇಳಿದಂತೆ, ಸ್ಪಷ್ಟವಾಗಿ. ನಂತರ ಕೊಬ್ಬರಿ, ಗಸಗಸೆ, ಏಲಕ್ಕಿ ಎಲ್ಲವೂ ಸರಾಗವಾಗಿ ಬಂದವು. ಮತ್ತೊಮ್ಮೆ ಬೆಲ್ಲ ಬಂದಾಗ ಎಲ್ಲೂ ತಡೆಯಲಿಲ್ಲ. ಅವ್ವನ ಕಣ್ಣಿನಿಂದ ನೀರು ಇಳಿಯಿತು. ಕಾರ್ಯಕ್ರಮ ಮುಗಿಯುವವರೆಗೆ ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು. ಅವ್ವ ಎತ್ತಿಕೊಂಡಳು, ನಾನೂ ಕಿವಿ ತಾಗಿಸಿದೆ.

"ಅವ್ವಾ, ನಡುವ ನಿಂತಿದ್ನಲ್ಲಾ. ಭಾಳ ಹೊತ್ತು ನಿಂತ್ನೇನು?" ದನಿ ಮತ್ತೆ ಸಣ್ಣದಾಗಿತ್ತು.

"ಎಲ್ಲಿ ನಿಂತಿ?" ಎಂದಳು ಅವ್ವ. "ನನ್ನ ಕೈ ಸರಿದು ರೇಡಿಯೋನ ಹೋಗಿತ್ತು. ನಿನ್ನ ಮಾತು ನಿಂತಿದ್ದು ನಮಗೇನೂ ಕೇಳಿಲ್ಲ. ಖರೇ ಅಂತೀನಿ, ತಂಗೀನ್ನ ಕೇಳು ಬೇಕಾದ್ರ."

ಫೋನು ನನ್ನ ಕೈಗೆ ಬಂತು. ಯಾರಾದರೂ ತಪ್ಪು ಹೇಳಿದರೆ ತಿದ್ದದೆ ನನಗೆ ನಿದ್ದೆ ಬರುವುದಿಲ್ಲ. ಅವ್ವ ಮರಗಟ್ಟಿದ ತೋಳನ್ನು ಎಡಗೈಯಿಂದ ನೀವಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು.

"ಹೌದಕ್ಕಾ," ಎಂದೆ. "ಈ ಅವ್ವಗ ಒಂದ ಕಡೆ ಕೈ ಇಡಾಕ ಬರಂಗಿಲ್ಲ."