ಕೇಬಲ್ಲಿನ ಕೊನೆಯ ಮನೆ

ಲೋಟಿ ವಾಸ್ಕೊ ಯಾವ ಚುನಾವಣೆಗೂ ನಿಂತವರಲ್ಲ. ಆದರೂ ನಮ್ಮ ಸ್ಲೇಟ್ ಗ್ಯಾಪ್ ಪುರಸಭೆಯಲ್ಲಿ ಅವರಿಗಿದ್ದ ಗತ್ತು ಮೇಯರಿಗೂ ಇರಲಿಲ್ಲ. ಕಾರಣ ಇಷ್ಟೆ: ಗಣಿಗುಡ್ಡದ ಮೇಲಿದ್ದ ಅವರ ಮನೆ ಕೇಬಲ್ ಟೀವಿ ತಂತಿಯ ಕಟ್ಟಕಡೆಯ ಮನೆಯಾಗಿತ್ತು.

ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲ ಕಣಿವೆಯಲ್ಲಿ ಸುತ್ತಲೂ ಗುಡ್ಡ. ಮಾಡಿನ ಮೇಲೆ ಆಂಟೆನಾ ನಿಲ್ಲಿಸಿದರೆ ಅದರ ಮೇಲೆ ಕಾಗೆ ಕೂರುತ್ತದೆಯೇ ಹೊರತು ಟೀವಿಯಲ್ಲಿ ಏನೂ ಬರುವುದಿಲ್ಲ. ಹಾಗಾಗಿ ಊರೆಲ್ಲ ಕೇಬಲ್ಲಿಗೆ ಜೋತುಬಿದ್ದಿತ್ತು. ಎಪ್ಪತ್ತರ ದಶಕದಲ್ಲಿ ಕಂಪನಿಯ ಪರವಾನಗಿ ನವೀಕರಿಸುವಾಗ ಪುರಸಭೆ ಒಂದು ನಿಯಮ ಬರೆಯಿತು. ತಂತಿ ಉದ್ದವಾದಷ್ಟೂ ಚಿತ್ರ ಸೊರಗುತ್ತದೆ. ಆದ್ದರಿಂದ ಸಂಪರ್ಕ ಪಡೆದ ಕೊನೆಯ ಮನೆಯಲ್ಲಿ ಪ್ರತಿ ತಿಂಗಳೂ ಪರೀಕ್ಷೆ ನಡೆಯಬೇಕು. ಅಲ್ಲಿ ಒಂದು ಮುಖ ಎರಡಾಗಿ ಕಾಣಬಾರದು, ಹಿಮ ಇರಬಾರದು, ಇದ್ದರೆ ಕಂಪನಿಗೆ ದಂಡ. ಪರದೆಯ ಮೇಲೆ ಬಿಳಿ ಚುಕ್ಕಿ ಸುರಿಯುವುದಕ್ಕೆ ನಾವು ಹಿಮ ಎನ್ನುತ್ತೇವೆ.

ಅಳೆಯುವ ಯಂತ್ರ ಕೊಳ್ಳಲು ಪುರಸಭೆಗೆ ಮನಸ್ಸು ಬರಲಿಲ್ಲ. ಕೇಬಲ್ ಸಮಿತಿಯ ಅಧ್ಯಕ್ಷ, ಔಷಧಿ ಅಂಗಡಿಯ ಡ್ವೈಟ್ ಹಾರ್ನಿಂಗ್, ಸುದ್ದಿ ಓದುವವನ ಟೈ ಮೇಲಿನ ಪಟ್ಟೆ ಎಣಿಸಲು ಬಂದರೆ ಚಿತ್ರ ಪಾಸು ಎಂದು ಘೋಷಿಸಿದ. ಅವನು ಪಟ್ಟೆಯಿಲ್ಲದ ಟೈ ಕಟ್ಟಿದ ದಿನ ಏನು ಮಾಡುತ್ತೀರಿ ಎಂದು ಸಭೆಯಲ್ಲಿ ಕೇಳಿದೆ. ಉತ್ತರ ಕೊಡುವ ಬದಲು ನನ್ನನ್ನೂ ಸಮಿತಿಗೆ ಹಾಕಿಕೊಂಡರು. ಬೂಟಿನ ಅಂಗಡಿಯಲ್ಲಿ ಕೂತು ಊರಿನ ಉಸಾಬರಿಯೆಲ್ಲ ನಿನಗೇಕೆ ಎಂದು ಹೆಂಡತಿ ಇವತ್ತಿಗೂ ಬೈಯುತ್ತಾಳೆ.

ಹೀಗೆ ತಿಂಗಳ ಮೊದಲ ಗುರುವಾರ ಸಂಜೆ ನಾವೆಲ್ಲ ಗುಡ್ಡ ಹತ್ತುತ್ತಿದ್ದೆವು. ಬೀದಿಗೆಲ್ಲ ಅತ್ತೆಯಾಗಿದ್ದ ಲೋಟಿಯವರಿಗೆ ಮಕ್ಕಳಿರಲಿಲ್ಲ. ಗಂಡ ಗಣಿಯ ಧೂಳು ಕುಡಿದೇ ಸತ್ತಿದ್ದ. ಆ ಒಂದು ಸಂಜೆ ಮಾತ್ರ ಅವರು ಮುತ್ತಿನ ಓಲೆ ಹಾಕಿಕೊಂಡು, ಅಕ್ರೋಟು ತುಂಬಿ ಸುತ್ತಿದ ಬ್ರೆಡ್ಡನ್ನು ಕೊಯ್ದಿಟ್ಟು, ಟೀವಿಯ ಮುಂದೆ ಕುರ್ಚಿ ಸಾಲಾಗಿ ಜೋಡಿಸಿ ಮದುವೆ ಮನೆಯವರಂತೆ ಕಾಯುತ್ತಿದ್ದರು. ಕಂಪನಿಯ ಮ್ಯಾನೇಜರ್ ಹಿಂದಿನ ದಿನವೇ ಬಂದು ತಂತಿ ಬದಲಿಸಿ, ಪರದೆಯನ್ನೂ ತಾನೇ ಒರೆಸಿ ಹೋಗಿರುತ್ತಿದ್ದ. ಕೆಳಗೆ ಊರಿಡೀ ಹಿಮ ಸುರಿಯುತ್ತಿದ್ದರೂ ಅತ್ತೆಯ ಮನೆಯಲ್ಲಿ ಪಟ್ಟೆಗಳು ಗೆರೆ ಎಳೆದಂತೆ ಕಾಣುತ್ತಿದ್ದವು. ದೂರು ತಂದವರಿಗೆ ಹಾರ್ನಿಂಗ್, ನಿಯಮದ ಪ್ರಕಾರ ನಿಮ್ಮ ಚಿತ್ರ ಚೆನ್ನಾಗಿಯೇ ಇದೆ ಎಂದು ಹೇಳಿ ಕಳಿಸುತ್ತಿದ್ದ.

ಒಂದು ವಸಂತದಲ್ಲಿ ಅತ್ತೆಯ ಮನೆಗಿಂತ ಮೇಲೆ ಒಂದು ಹೊಸ ಮನೆ ಎದ್ದಿತು. ರೈಲ್ವೆಯಿಂದ ನಿವೃತ್ತನಾದ ಎಮ್ಲಿನ್ ಪ್ರೋಸರ್ ಎಂಬ ವಿಧುರ ಅಲ್ಲಿಗೆ ಬಂದ. ಮಾರನೆಯ ದಿನವೇ ಅತ್ತೆ ನನ್ನ ಅಂಗಡಿಗೆ ಬಂದರು, ಬೂಟು ಕೊಳ್ಳಲಿಕ್ಕಲ್ಲ.

"ಆ ಪ್ರೋಸರ್ ಕೇಬಲ್ ಹಾಕಿಸ್ಕೊಂಡ್ರೆ?"

"ಕೊನೇ ಮನೆ ಅವರದ್ದಾಗುತ್ತೆ ಅತ್ತೆ. ನಿಯಮ ಇರೋದೇ ಹಾಗೆ."

"ತಿಂಗಳು ತಿಂಗಳು ನನ್ ಬ್ರೆಡ್ಡು ನುಂಗೋವಾಗ ಈ ನಿಯಮ ನೆನಪಿರ್ಲಿಲ್ವಾ ನಿಮಗೆ?" ಎಂದು ದಬಾಯಿಸಿ, ಆಮೇಲೆ ದನಿ ಇಳಿಸಿದರು. "ಆ ಗುರುವಾರ ಒಂದು ಬಿಟ್ರೆ ನಮ್ಮನೆ ಬಾಗ್ಲು ಯಾರು ತಟ್ತಾರೋ?"

ಸಂಪರ್ಕ ಪಡೆದ ಮನೆ ಎಂದು ನಿಯಮದಲ್ಲಿದೆ, ಅವರು ಪಡೆಯುವವರೆಗೂ ಕೊನೆಯ ಮನೆ ನಿಮ್ಮದೇ ಎಂದೆ. ಅತ್ತೆಗೆ ಅಷ್ಟೇ ಸಾಕಾಯಿತು.

ಅಂದೇ ಗುಡ್ಡ ಹತ್ತಿ ಹೋಗಿ ಪ್ರೋಸರ್ ಮುಂದೆ ಕೇಬಲ್ಲಿನ ಮಾನ ಕಳೆದರಂತೆ. ದುಡ್ಡು ದಂಡ, ಕಂಪನಿಯವರು ಕಳ್ಳರು, ಬೇಸ್‌ಬಾಲ್ ನೋಡಬೇಕೆನಿಸಿದರೆ ನಮ್ಮ ಮನೆಗೇ ಬನ್ನಿ ಎಂದರಂತೆ. ಪ್ರೋಸರ್ ಬಂದ. ಬಂದವನು ಬೇಸಿಗೆಯಿಡೀ ದಿನವೂ ಬಂದ. ಅತ್ತೆಗೆ ಬೇಸ್‌ಬಾಲ್ ಕಂಡರೆ ಆಗುತ್ತಿರಲಿಲ್ಲ. ಆ ಮನುಷ್ಯ ಕಾಲುಮಣೆಯ ಮೇಲೆ ಕಾಲು ಚಾಚುತ್ತಾನೆ, ಆಲೂಗಡ್ಡೆ ಕಡುಬು ತಟ್ಟೆಗಟ್ಟಲೆ ತಿನ್ನುತ್ತಾನೆ, ಅಂಪೈರಿಗೆ ಕಿರುಚಿ ಬೈಯುತ್ತಾನೆ ಎಂದು ನನ್ನ ಬಳಿ ಗೋಳು ಹೇಳಿಕೊಳ್ಳುತ್ತಿದ್ದರು. ಹಾಗಿದ್ದರೆ ಅವನೇ ಕೇಬಲ್ ಹಾಕಿಸಿಕೊಳ್ಳಲಿ ಬಿಡಿ ಎಂದರೆ, ನಿನಗೆ ರಾಜಕೀಯ ತಿಳಿಯುವುದಿಲ್ಲ ಎನ್ನುತ್ತಿದ್ದರು. ಆಗಸ್ಟಿನ ಹೊತ್ತಿಗೆ ಅವರೂ ಅಂಪೈರಿಗೆ ಬೈಯಲು ಶುರುಮಾಡಿದ್ದರು, ಅದೂ ತವರಿನ ಸ್ಲೊವಾಕ್ ಭಾಷೆಯಲ್ಲಿ.

ಅಕ್ಟೋಬರಿನಲ್ಲಿ ಪ್ರೋಸರ್ ಮಾಡಿನಂಚಿನ ಮಳೆನೀರಿನ ದೋಣಿಯಲ್ಲಿದ್ದ ತರಗೆಲೆ ತೆಗೆಯಲು ಏಣಿ ಹತ್ತಿ, ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಯಿಂದ ಮನೆಗೆ ತಂದು ಮಲಗಿಸಿದರು. ವರ್ಷದ ಕೊನೆಯ, ಎಲ್ಲಕ್ಕಿಂತ ದೊಡ್ಡ ಪಂದ್ಯಗಳು ಆಗ ಶುರುವಾಗುವುದರಲ್ಲಿದ್ದವು. ಅವನೋ ಗೋಡೆ ನೋಡುತ್ತ ಮಲಗಿರುತ್ತಿದ್ದ, ಊಟ ಒಯ್ದರೂ ಬಾಯಿಗಿಡುತ್ತಿರಲಿಲ್ಲವಂತೆ.

ಅತ್ತೆ ನಮ್ಮ ಸಮಿತಿಯ ಸಭೆಗೆ ನುಗ್ಗಿದರು. ಪ್ರೋಸರ್ ಮನೆಗೆ ಈ ವಾರವೇ ತಂತಿ ಹೋಗಬೇಕು ಎಂದರು. ಕಂಬ ನೆಡಬೇಕು, ಬೇಸಿಗೆ ಬರಲಿ ಎಂದು ಅಲ್ಲೇ ಕೂತಿದ್ದ ಕಂಪನಿಯ ಮ್ಯಾನೇಜರ್ ರಾಗ ಎಳೆದ. ಹಾಗಾದರೆ ಬರುವ ಪರೀಕ್ಷೆಯ ಗುರುವಾರ ಟೀವಿಯ ಮುಂದೆ ಕೂತು ಇರುವ ಚಾನೆಲ್ಲಿನಲ್ಲೆಲ್ಲ ಹಿಮ ಕಾಣುತ್ತಿದೆ ಎನ್ನುತ್ತೇನೆ, ನನ್ನ ಮನೆಯಲ್ಲಿ ನನ್ನ ಮಾತು ತೆಗೆದುಹಾಕುವ ಗಂಡಸು ಯಾರಿದ್ದಾನೆ ನೋಡೋಣ ಎಂದರು ಅತ್ತೆ. ನಾವೆಲ್ಲ ಅವರ ಬ್ರೆಡ್ಡು ತಿಂದವರು, ಒಟ್ಟಿಗೆ ಮ್ಯಾನೇಜರನತ್ತ ತಿರುಗಿದೆವು. ಮ್ಯಾನೇಜರ್ ಒಪ್ಪಿಕೊಂಡ.

ಹಾರ್ನಿಂಗ್ ಕನ್ನಡಕ ತೆಗೆದ. "ಲೋಟಿ, ಇನ್ಮೇಲೆ ನೀನು ಕೊನೇ ಮನೆಯವಳಲ್ಲ. ಗೊತ್ತು ತಾನೆ?"

"ಗೊತ್ತು. ಅವನಿಗೆ ತಂತಿ ಎಳೆಸು."

ಮುಂದಿನ ಪರೀಕ್ಷೆಯ ಗುರುವಾರ ನಾವು ಅತ್ತೆಯ ಮನೆ ದಾಟಿ ಮೇಲೆ ಹೋಗುವಾಗ ನನಗೆ ತಲೆಯೆತ್ತಿ ಅತ್ತ ನೋಡಲಾಗಲಿಲ್ಲ. ಪ್ರೋಸರ್ ಮನೆಯ ಬಾಗಿಲು ತಟ್ಟಿದೆವು. ಬಾಗಿಲು ತೆರೆದವರು ಅತ್ತೆ! ಕಿವಿಯಲ್ಲಿ ಮುತ್ತಿನ ಓಲೆ, ಕೈಯಲ್ಲಿ ಬ್ರೆಡ್ಡಿನ ತಟ್ಟೆ. ಮಂಚದ ಸುತ್ತ ಕುರ್ಚಿಗಳನ್ನು ಆಗಲೇ ಜೋಡಿಸಿದ್ದರು. ಟೈ ಮೇಲಿನ ಪಟ್ಟೆ ಎಣಿಸಿದೆವು. ಪ್ರೋಸರ್ ಲೆಕ್ಕಕ್ಕೂ ಅತ್ತೆಯ ಲೆಕ್ಕಕ್ಕೂ ತಾಳೆಯಾಗದೆ, ಇಬ್ಬರೂ ಸುದ್ದಿ ಮುಗಿಯುವವರೆಗೆ ಜಗಳಾಡಿದರು. ಚಿತ್ರ ಪಾಸಾಯಿತು.

ಹೊರಡುವಾಗ, ಕಂಪನಿಯವರ ಉಪಚಾರವೆಲ್ಲ ಇಲ್ಲಿಗೆ ಬಂದ ಮೇಲೆ ನಿಮ್ಮ ಮನೆಯ ಟೀವಿ ಹೇಗಿದೆ ಎಂದು ಅತ್ತೆಯನ್ನು ಮೆಲ್ಲಗೆ ಕೇಳಿದೆ.

"ಹಿಮ ಸುರೀತಿರಬೇಕು ಕಣೋ," ಎಂದರು ಅತ್ತೆ. "ನೋಡೋಕೆ ನಾನೆಲ್ಲಿ ಅಲ್ಲಿರ್ತೀನಿ?"