ಪುಕ್ಕದ ಕೋಣೆಯ ಹಸೀನಾ ಆಪಾ

ಹಸೀನಾ ಆಪಾ ಎಲ್ಲರನ್ನೂ ನಗಿಸುತ್ತಿದ್ದರು, ಆದರೆ ಯಾರನ್ನೂ ನಗಲು ಬಿಡುತ್ತಿರಲಿಲ್ಲ. ಮುಖದ ಒಂದು ಗೆರೆಯೂ ಅಲುಗದಂತೆ ಏನಾದರೊಂದು ಮಾತು ಹಾರಿಸುವುದು, ನಮ್ಮ ತುಟಿ ಸಡಿಲವಾಗುವ ಹೊತ್ತಿಗೆ ಸರಿಯಾಗಿ ಬೆರಳೆತ್ತಿ ಗದರಿಸುವುದು. "ನಕ್ಕೀರಿ ಜ್ವಾಕಿ. ಪುಕ್ಕ ಹಾರ್ತಾವ." ಅವರ ಮುಂದಿನ ಅಗಲವಾದ ಡಬ್ಬಿಯಲ್ಲಿ ಬಾತುಕೋಳಿಯ ಎದೆಯ ತುಪ್ಪುಳು ತುಂಬಿರುತ್ತಿತ್ತು. ಯಾರಾದರೂ ಒಮ್ಮೆ ಜೋರಾಗಿ ಉಸಿರು ಬಿಟ್ಟರೆ ಸಾಕು, ಅದರಲ್ಲಿ ಅರ್ಧ ಎದ್ದು ಸೂರಿಗೆ ಅಂಟಿಕೊಳ್ಳುತ್ತಿತ್ತು. ಒಮ್ಮೆ ನಮ್ಮ ಸೇಠರು ಬಾಗಿಲಲ್ಲಿ ಇಣುಕಿ ಹೋದ ಮೇಲೆ ಆಪಾ ತಲೆ ಎತ್ತದೆ ಹೇಳಿದರು: "ಸೇಠರ ಹೊಟ್ಟಿ ಯಾರೋ ಹೊಸಬರು ತುಂಬ್ಯಾರ ನೋಡು. ಗಾಳಿಗೆ ಜಾಗಾನೇ ಬಿಟ್ಟಿಲ್ಲ." ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಬೇಕೆಂದರೆ ಬಾಗಿಲು ಹೊರಗಿನಿಂದ ಹಾಕಿತ್ತು.

ದಹಿಸರಿನ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಮೂರನೆಯ ಮಾಳಿಗೆಯಲ್ಲಿ ನಮ್ಮ ಗಾಲಾ. ಸಣ್ಣ ಕಾರ್ಖಾನೆಗೆ ಇಲ್ಲಿಯವರು ಗಾಲಾ ಎನ್ನುತ್ತಾರೆ. ಲಡಾಖಿಗೆ, ಮನಾಲಿಗೆ, ಹಿಮದ ಬೆಟ್ಟ ಹತ್ತಲು ಹೋಗುವವರಿಗೆ ಚಳಿ ಜಾಕೆಟ್ ಹೊಲಿಯುವುದು ನಮ್ಮ ಕೆಲಸ. ಜನವರಿಯಲ್ಲೂ ಫ್ಯಾನ್ ಹಾಕಿಕೊಂಡು ಮಲಗುವ ಊರಿನಲ್ಲಿ ಕುಳಿತು ನಾವು ಯಾರದೋ ಚಳಿಯ ಚಿಂತೆ ಮಾಡುತ್ತಿದ್ದೆವು. ನಾನು ಉಡುಪಿ ಕಡೆಯವಳು. ಯಜಮಾನರು ಬೋರಿವಲಿಯ ಹೋಟೆಲೊಂದರಲ್ಲಿ ಕೌಂಟರ್ ನೋಡುತ್ತಾರೆ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಇಲ್ಲಿ ಹೊಲಿಗೆಗೆ ಸೇರಿದೆ. ಆಪಾ ವಿಜಯಪುರದ ಕಡೆಯವರು. ಇಡೀ ಗಾಲಾದಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನನ್ನ ಕನ್ನಡ ಕೇಳಿ ಅವರು ಮೊದಲ ದಿನವೇ, "ಇದೇನವಾ, ಪುಸ್ತಕ ಓದಿದಂಗ ಮಾತಾಡ್ತಿ" ಎಂದರು. ಅಂದಿನಿಂದ ನನ್ನ ಹೆಸರು ಉಡುಪಿ ಎಂದಾಯಿತು.

ಪುಕ್ಕದ ಕೋಣೆ ಗಾಲಾದ ಒಂದು ಮೂಲೆಯಲ್ಲಿತ್ತು. ಅಲ್ಲಿ ಫ್ಯಾನ್ ಇಲ್ಲ, ಎ.ಸಿ. ಇಲ್ಲ; ಗಾಳಿ ಬೀಸುವ ಯಾವುದೂ ಇರುವಂತಿಲ್ಲ. ಕಿಟಕಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಟೇಪ್ ಅಂಟಿಸಿದ್ದರು. ಮುಂಬಯಿಯ ತೇವ ತಗಲಿದರೆ ತುಪ್ಪುಳು ಮುದ್ದೆಯಾಗುತ್ತದೆಂದು ಸೇಠರು ಒಂದು ತೇವ ಹೀರುವ ಯಂತ್ರವನ್ನು ಇಟ್ಟಿದ್ದರು. ಅದು ತೇವ ಹೀರಿ ಬಿಸಿ ಉಗುಳುತ್ತಿತ್ತು. ಬಾಗಿಲಿನ ಒಳಚಿಲಕ ಎಂದೋ ಮುರಿದು ಹೋಗಿತ್ತು. ಓಡಾಟದ ಗಾಳಿಗೆ ಬಾಗಿಲು ತೆರೆದುಕೊಳ್ಳಬಾರದೆಂದು ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಒಳಗಿದ್ದವರಿಗೆ ಹೊರಗೆ ಬರಬೇಕೆನಿಸಿದರೆ ಬಾಗಿಲು ಬಡಿಯಬೇಕು, ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಅದು ಯಾರಿಗಾದರೂ ಕೇಳಬೇಕು. ನಾನು ಖಾಲಿ ಜಾಕೆಟ್ ಒಯ್ದು ಕೊಟ್ಟು, ತುಂಬಿದ್ದನ್ನು ತಂದು ಬಾಯಿ ಹೊಲಿಯುವವಳು. ಅಷ್ಟು ಹೊತ್ತು ಒಳಗೆ ನಿಂತರೇ ನನ್ನ ರವಿಕೆ ಬೆನ್ನಿಗೆ ಅಂಟುತ್ತಿತ್ತು. ಆಪಾ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದರು.

ಅವರ ಕೆಲಸ ನೋಡುವುದಕ್ಕೆ ಸುಲಭ. ಜಾಕೆಟಿನ ಬಟ್ಟೆ ತೆಳ್ಳಗಿನ ನೈಲಾನು. ಎಳೆಗಳ ನಡುವಿನ ಸಂದು ಮುಚ್ಚುವಂತೆ ಬಿಸಿ ರೋಲರಿನಡಿ ಒತ್ತಿರುತ್ತಾರೆ, ಹಾಗಾಗಿ ಪುಕ್ಕ ಹೊರಬರುವುದಿಲ್ಲ. ಅದರಲ್ಲಿ ಅಡ್ಡಡ್ಡ ಖಾನೆಗಳನ್ನು ಹೊಲಿದಿರುತ್ತೇವೆ. ಒಂದೊಂದು ಖಾನೆಗೂ ಇಷ್ಟಿಷ್ಟು ತುಪ್ಪುಳು ತೂಗಿ ಕೈಯಿಂದ ತುಂಬಬೇಕು. ಎದೆಗೆ ಹೆಚ್ಚು, ಕಂಕುಳಿಗೆ ಕಡಿಮೆ. ಆದರೆ ಮುಂಬಯಿಯ ತೇವದಲ್ಲಿ ತಕ್ಕಡಿ ಸುಳ್ಳು ಹೇಳುತ್ತದೆ. ನೀರು ಕುಡಿದ ಪುಕ್ಕ ಭಾರ ತೂಗುತ್ತದೆ, ಖಾನೆ ಮಾತ್ರ ಅರ್ಧ ಖಾಲಿ ಇರುತ್ತದೆ. ಆದ್ದರಿಂದ ಕೊನೆಯ ಮಾತು ಬೆರಳಿನದು. ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಹೆಚ್ಚು ತುಂಬಿದರೆ ಹೆಚ್ಚು ಬೆಚ್ಚಗೆ ಎಂದುಕೊಂಡು ಒತ್ತಿ ತುರುಕುವುದು.

"ಬೆಚ್ಚಗ ಇಡೂದು ಪುಕ್ಕ ಅಲ್ಲವಾ" ಎನ್ನುತ್ತಿದ್ದರು ಆಪಾ. "ಪುಕ್ಕದಾಗ ಸಿಕ್ಕೊಂಡ ಗಾಳಿ. ನೀ ಒತ್ತಿ ತುಂಬಿದ್ರ ಗಾಳಿ ಎಲ್ಲಿರಬೇಕು? ಕಲ್ಲಾಗತೈತಿ, ಹಾಕ್ಕೊಂಡಾವ ನಡುಗತಾನ." ಗಾಲಾದಲ್ಲಿ ಇನ್ನೊಂದು ತರಹದ ಜಾಕೆಟ್ಟೂ ಆಗುತ್ತಿತ್ತು, ಮಳೆ ಹಿಮ ಎರಡಕ್ಕೂ ತಡೆಯುವಂಥದ್ದು. ಅದರ ಬಟ್ಟೆಯ ನಡುವೆ ಒಂದು ತೆಳು ಪೊರೆ ಇರುತ್ತದೆ; ಹೊರಗಿನ ನೀರು ಒಳಗೆ ಬಾರದು, ಒಳಗಿನ ಬೆವರಿನ ಆವಿ ಹೊರಗೆ ಹೋಗುತ್ತದೆ. ನಾನು ಅದನ್ನು ವಿವರಿಸಿದಾಗ ಆಪಾ ಬಟ್ಟೆಯನ್ನು ತಿರುವಿ ಮುರುವಿ ನೋಡಿ, "ಬೆವರಿಗೆ ಹೊರಗ ಹೋಗಾಕ ದಾರಿ ಮಾಡ್ಯಾರ. ನಮಗ ಮಾಡ್ಲಿಲ್ಲ ನೋಡು" ಎಂದರು. ಎಂದಿನಂತೆ ಮುಖ ಗಂಟು ಹಾಕಿಕೊಂಡೇ ಇದ್ದರು.

ಆ ಮಳೆ ಜಾಕೆಟ್ಟಿನ ಹೊಲಿಗೆಯ ತೂತುಗಳ ಮೇಲೆ ಬಿಸಿಗಾಳಿಯಿಂದ ಟೇಪ್ ಅಂಟಿಸುವ ಯಂತ್ರ ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿ ಪೂರ್ತಿ ತೆರೆದಿರುತ್ತಿತ್ತು. ಅಲ್ಲಿ ಕುಳಿತರೆ ಲೋಕಲ್ ರೈಲು ಹೋಗುವುದು ಬರುವುದು ಕಾಣುತ್ತಿತ್ತು, ಹಿನ್ನೀರಿನ ಖಾಡಿಯ ಕಡೆಯ ಗಾಳಿ ಬರುತ್ತಿತ್ತು. ಆಪಾಗೆ ಬೇಕಿದ್ದದ್ದು ಆ ಕುರ್ಚಿ. ಅವರು ಬೇರೇನನ್ನೂ ಕೇಳಿದ್ದನ್ನು ನಾನು ಕಾಣೆ. ಸೇಠರು ಇಲ್ಲ ಎನ್ನುತ್ತಿರಲಿಲ್ಲ. "ಹಸೀನಾಬೆನ್, ಪೆಹಲೇ ಕಿಸೀ ಕೋ ಸಿಖಾ ದೋ" ಎನ್ನುತ್ತಿದ್ದರು. ಮೊದಲು ಯಾರಿಗಾದರೂ ಕಲಿಸು, ಆಮೇಲೆ ಆ ಕುರ್ಚಿ ನಿನ್ನದೇ ಎಂದು. ಆಪಾ ಕೆಲಸ ಬಿಡುವ ಹಾಗಿರಲಿಲ್ಲ. ಗಂಡ ತೀರಿಹೋಗಿದ್ದರು, ಮಗಳ ಮದುವೆಯಾಗಿತ್ತು, ಅವರ ಒಲೆ ಅವರೇ ಉರಿಸಿಕೊಳ್ಳಬೇಕು.

ಕಲಿಯಲು ಒಬ್ಬೊಬ್ಬರಾಗಿ ಹೋದರು. ಆಪಾ ಎಲ್ಲರನ್ನೂ ವಾಪಸು ಕಳುಹಿಸಿದರು. ಒಬ್ಬಳದು ಕೈ ಭಾರ, ಇನ್ನೊಬ್ಬಳದು ಕೈ ಒರಟು, ಮತ್ತೊಬ್ಬಳು ಸೀನುತ್ತಾಳೆ. ನನ್ನ ಸರದಿ ಬಂದಾಗ ನಾನು ಸ್ವಲ್ಪ ಜಂಬದಿಂದಲೇ ಹೋದೆ. ಮನೆಯಲ್ಲಿ ನಾನು ಅಕ್ಕಿ ಹಿಟ್ಟು ಅಳೆಯದೆ ಕೈಯಲ್ಲೇ ಲೆಕ್ಕ ಹಿಡಿಯುವವಳು. ನಾನು ತುಂಬಿದ ಜಾಕೆಟಿನ ತೋಳನ್ನು ಆಪಾ ಅಂಗೈ ಮೇಲೆ ಇಟ್ಟುಕೊಂಡು, ಒತ್ತಿ ಬಿಟ್ಟು, ಸೇಠರ ಎದುರಿನಲ್ಲೇ, "ಇಸ್ಕಾ ಹಾಥ್ ಪಸೀನೇ ಕಾ ಹೈ" ಎಂದುಬಿಟ್ಟರು. ನನ್ನದು ಬೆವರುವ ಕೈಯಂತೆ. ಆ ಕೋಣೆಯಲ್ಲಿ ಬೆವರದ ಕೈ ಯಾರದು ಮಾರಾಯರೆ? ನನಗೆ ಮೈಯೆಲ್ಲ ಉರಿಯಿತು. ಒಂದು ವಾರ ನನ್ನ ಬುತ್ತಿಯ ನೀರುದೋಸೆಯನ್ನು ಅವರ ಕಡೆ ಸರಿಸಲಿಲ್ಲ. ಈ ಹೆಂಗಸಿಗೆ ತನ್ನಂಥ ಇನ್ನೊಬ್ಬರು ಇರಬಾರದೆಂಬ ಗರ್ವ ಎಂದು ಎಲ್ಲರೂ ಮಾತಾಡಿಕೊಂಡೆವು.

ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಎಲ್ಲರೂ ಗಾಳಿಗೆಂದು ಕೆಳಗಿಳಿದರು. ನಾನು ಆಪಾರ ಕೋಣೆಯಲ್ಲಿದ್ದೆ, ಹೊರಗಿನ ಚಿಲಕ ಹಾಕಿಯೇ ಇತ್ತು. ಮೊದಲು ನಗೆಯಾಡಿದೆವು. ಆಮೇಲೆ ಬಾಗಿಲು ಬಡಿದೆವು. ಯಾರೂ ಇಲ್ಲ. ನನ್ನ ಫೋನು ಹೊಲಿಗೆ ಯಂತ್ರದ ಮೇಲಿತ್ತು, ಆಪಾ ಫೋನನ್ನು ಒಳಗೆ ತರುತ್ತಲೇ ಇರಲಿಲ್ಲ. ಕಿಟಕಿಯ ಪ್ಲಾಸ್ಟಿಕ್ ಹರಿಯಲು ನಾನು ಕೈ ಹಾಕಿದರೆ ಆಪಾ ತಡೆದರು; ಮೇಜಿನ ತುಂಬ ಬಾಯಿ ಹೊಲಿಯದ ಜಾಕೆಟ್ಟುಗಳಿದ್ದವು, ಗಾಳಿ ಹೊಕ್ಕರೆ ಇಡೀ ಆರ್ಡರ್ ಹಾರಿಹೋಗುತ್ತಿತ್ತು. ಅವರಿಗೆ ಕೆಮ್ಮು ಹತ್ತಿತು. ಮೂಗಿನ ಬಟ್ಟೆಯನ್ನು ಕಿತ್ತು ಗೋಡೆಗೆ ಹಣೆ ಒತ್ತಿಕೊಂಡು ಕೆಮ್ಮಿದರು. ಉಸಿರು ಒಳಗೆಳೆಯಲಾರದೆ ಅವರ ಹೆಗಲು ಮೇಲೇರುತ್ತಿತ್ತು. ಆರ್ಡರ್ ಹಾಳಾಗಿ ಹೋಗಲಿ ಎಂದು ನಾನು ಪ್ಲಾಸ್ಟಿಕ್ಕಿಗೆ ಉಗುರು ಹಾಕುವುದಕ್ಕೂ ಲಿಫ್ಟಿನವನು ಸದ್ದು ಕೇಳಿ ಬಾಗಿಲು ತೆಗೆಯುವುದಕ್ಕೂ ಸರಿಹೋಯಿತು.

ಹೊರಗೆ ಮೆಟ್ಟಿಲ ಮೇಲೆ ಕುಳಿತು ನೀರು ಕುಡಿದ ಮೇಲೆ ಆಪಾ ಹೇಳಿದರು: "ಡಾಕ್ಟರ್ ಹೇಳ್ಯಾನ. ಪುಕ್ಕದ ಧೂಳು ಎದ್ಯಾಗ ಕುಂತೈತಂತ. ಆ ಖೋಲಿ ಬಿಡಬೇಕಂತ."

"ಮತ್ತೆ ಬಿಡುವುದಲ್ವಾ ಆಪಾ? ಎಂತಕ್ಕೆ ಕೂತಿದ್ದೀರಿ?"

"ಬಿಡ್ತೀನಿ, ಬಿಡ್ತೀನಿ. ನೀ ಸೇಠಗ ಹೇಳಬ್ಯಾಡ" ಎಂದು ಎದ್ದುಹೋದರು.

ನಾನು ಎರಡು ದಿನ ಯೋಚಿಸಿದೆ. ಹೇಗೂ ಯಾರಾದರೊಬ್ಬರು ಕಲಿಯದೆ ಅವರಿಗೆ ಬಿಡುಗಡೆಯಿಲ್ಲ. ಬೆವರುವ ಕೈಯೋ ಒಣಗಿದ ಕೈಯೋ, ನೋಡಿಯೇಬಿಡೋಣ ಎಂದು ಹಟ ಬಂತು. ಆಪಾ ರಜೆ ಹಾಕಿದ ಒಂದು ದಿನ ಸೇಠರನ್ನು ಕೇಳಿ ಒಳಗೆ ಕುಳಿತು ಒಂದು ಪೂರ್ತಿ ಜಾಕೆಟ್ ತುಂಬಿದೆ. ಹೊಟ್ಟೆಯೊಳಗೆ ಒಂದು ತರಹದ ಖುಷಿ. ಬೆರಳ ತುದಿಗೆ ಪುಕ್ಕ ತಾಗಿದ್ದೂ ಗೊತ್ತಾಗುವುದಿಲ್ಲ, ಆದರೆ ಖಾನೆ ಸಾಕು ಎಂದಾಗ ಗೊತ್ತಾಗುತ್ತದೆ. ಮಾರನೆಯ ಬೆಳಿಗ್ಗೆ ಸೇಠರು ಅದನ್ನು ಆಪಾರ ಕೈಗೆ ಕೊಟ್ಟು ನೋಡಲು ಹೇಳಿದರು. ಗಾಲಾದವರೆಲ್ಲ ಯಂತ್ರ ನಿಲ್ಲಿಸಿ ನೋಡುತ್ತಿದ್ದೆವು.

ಆಪಾ ಅದನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು ಮೇಜಿನ ಮೇಲೆ ಬಿಟ್ಟರು. ಜಾಕೆಟ್ ಮೆಲ್ಲಗೆ ಉಬ್ಬಿ ಮೊದಲಿನಂತಾಯಿತು. ಒಂದೊಂದೇ ಖಾನೆಯ ಮೇಲೆ ಬೆರಳಾಡಿಸಿದರು, ಕಾಲರಿನಿಂದ ಕೆಳಗಿನ ಅಂಚಿನವರೆಗೆ. ಕಂಕುಳಿನ ಹತ್ತಿರ ಅವರ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಜಾಕೆಟ್ಟನ್ನು ಸೇಠರ ಕಡೆ ದೂಡಿ, "ದಬಾಕೇ ಭರಾ ಹೈ ಸೇಠ್. ಇಸ್ಕೋ ನಹೀ ಆಯೇಗಾ" ಎಂದರು. ಒತ್ತಿ ತುಂಬಿದ್ದಾಳೆ, ಇವಳಿಗೆ ಈ ಕೆಲಸ ಬರುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೋಣೆಯೊಳಗೆ ಹೋದರು. ಯಾರೋ ಹೊರಗಿನಿಂದ ಚಿಲಕ ಹಾಕಿದರು.

ಸಂಜೆ ಸ್ಟೇಷನ್ನಿನ ದಾರಿಯಲ್ಲಿ ಅವರನ್ನು ಅಡ್ಡಗಟ್ಟಿದೆ. "ನಾನು ಒತ್ತಿ ತುಂಬಿದ್ದೇನಾ ಆಪಾ? ನನ್ನ ಮುಖ ನೋಡಿ ಹೇಳಿ" ಎಂದೆ.

"ಇಲ್ಲ" ಎಂದರು. "ನಿನ್ನ ಕೈ ನನ್ನ ಕೈಗಿಂತ ಹಗುರ ಐತಿ. ತ್ವಾಳು ತುಂಬಿದ್ದ್ಯಲ್ಲ, ಅವತ್ತ ನನಗ ಗೊತ್ತಾತು."

"ಮತ್ತೆ ಎಂತಕ್ಕೆ ಹಾಗೆ ಹೇಳಿದ್ದು?"

ಆಪಾ ವಡಾಪಾವಿನ ಗಾಡಿಯ ಪಕ್ಕ ನಿಂತು ಉಸಿರು ಸುಧಾರಿಸಿಕೊಂಡರು. ತನಗೆ ಈ ಕೆಲಸ ಕಲಿಸಿದವಳು ಒಬ್ಬ ಮರಾಠಿ ಮುದುಕಿ ಎಂದರು. "ನಾ ಮೊದಲನೇ ಜಾಕೆಟ್ ತುಂಬಿದಾಗ ಆಕಿ ಶಾಬಾಶ್ ಅಂದ್ಲು. ಎಲ್ಲಾರ ಮುಂದ ಅಂದ್ಲು. ನಾ ಉಬ್ಬಿ ಹ್ವಾದೆ ತಂಗಿ. ಮರುದಿನ ಆಕಿ ಹೊರಗ, ನಾ ಒಳಗ. ಮತ್ತ ಒಂದು ದಿನಾನೂ ಆಕಿ ಈ ಬಾಗಿಲಾ ಕಡೆ ಮಾರಿ ಮಾಡ್ಲಿಲ್ಲ." ಮತ್ತೆ ಉಸಿರೆಳೆದುಕೊಂಡು, "ಒಬ್ಬರು ಹೊರಗ ಬರಬೇಕಂದ್ರ ಇನ್ನೊಬ್ಬರನ್ನ ಒಳಗ ದೂಡಬೇಕು ಅಂದ್ರ, ನನಗಾಗೂದಿಲ್ಲ. ನಿನಗ ಸಣ್ಣ ಮಗಳದಾಳ" ಎಂದರು. ನನಗೆ ಜಗಳವಾಡಬೇಕೆನಿಸಿತು, ಅಳಬೇಕೆನಿಸಿತು. ಎರಡೂ ಆಗದೆ ಎರಡು ವಡಾಪಾವ್ ತೆಗೆದುಕೊಂಡೆ.

ಆ ವರ್ಷದ ಮಳೆಗಾಲ ದಾಟುವುದರೊಳಗೆ ಆಪಾ ಬರುವುದು ನಿಂತಿತು. ಹಾಸಿಗೆ ಹಿಡಿದವರನ್ನು ಮಗಳು ವಿಕ್ರೋಳಿಯ ಚಾಳ್‌ನಲ್ಲಿರುವ ತನ್ನ ಮನೆಗೆ ಕರೆದುಕೊಂಡು ಹೋದಳು. ಸೇಠರು ಮತ್ತೊಬ್ಬರಿಗಾಗಿ ಹುಡುಕಿದರು. ನನ್ನನ್ನು ಕೇಳಲೇ ಇಲ್ಲ, ಆಪಾರ ಮಾತಿಗೆ ಅಷ್ಟು ಬೆಲೆಯಿತ್ತು. ಕೊನೆಗೆ ಪುಕ್ಕವನ್ನೇ ಕೈಬಿಟ್ಟು ಪಾಲಿಯೆಸ್ಟರ್ ಹಾಳೆ ತರಿಸಿದರು. ಸಣ್ಣ ಎಳೆಗಳ ಮೆತ್ತನೆಯ ಹಾಳೆ. ಕತ್ತರಿಸಿ ಎರಡು ಬಟ್ಟೆಯ ನಡುವೆ ಇಟ್ಟು ಹೊಲಿದರಾಯಿತು. ಒದ್ದೆಯಾದರೂ ಬೆಚ್ಚಗಿಡುತ್ತದೆ, ಫ್ಯಾನಿನ ಗಾಳಿಗೆ ಹಾರುವುದಿಲ್ಲ. ಕೋಣೆಯ ಬಾಗಿಲು ಕಿತ್ತು ಒಳಗೆ ಹಾಳೆಯ ಸುರುಳಿಗಳನ್ನು ಪೇರಿಸಿದರು.

ಈ ಸುದ್ದಿ ಕೇಳಿದರೆ ಆಪಾಗೆ ಖುಷಿಯಾಗುತ್ತದೆಂದು ಭಾನುವಾರ ದಾದರಿನಲ್ಲಿ ಗಾಡಿ ಬದಲಿಸಿ ವಿಕ್ರೋಳಿಗೆ ಹೋದೆ. ಗೋಡೆಗೆ ದಿಂಬು ಒರಗಿಸಿ ಕೂರಿಸಿದ್ದರು. ಎಲ್ಲ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಹಂಗಾರ ನನ್ನ ಕೈ ಬ್ಯಾಡಾತು ಅವರಿಗೆ."

ಗರ್ವ ಎಂದು ನಾವು ಆಡಿಕೊಂಡದ್ದೂ ಪೂರ್ತಿ ಸುಳ್ಳಲ್ಲ ಎಂದು ಆಗ ತಿಳಿಯಿತು. ಅದರಿಂದ ಅವರು ನನಗೆ ಇನ್ನಷ್ಟು ಹತ್ತಿರದವರಾದರು. "ಹಾಳೆ ಅಷ್ಟು ಬೆಚ್ಚಗಿಲ್ಲ ಆಪಾ. ಭಾರ ಬೇರೆ" ಎಂದೆ. ಅದು ನಿಜವೇ ಆಗಿತ್ತು.

"ಇರೂದಿಲ್ಲ" ಎಂದರು. ನನ್ನ ಬಲಗೈ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಮಗಳು ಚಹಾ ತಂದಿಟ್ಟು ಒಳಗೆ ಹೋಗುವವರೆಗೆ ಕಾದು, ಗೋಡೆಗೂ ಕೇಳಿಸದಷ್ಟು ಮೆಲ್ಲಗೆ ಅಂದರು: "ಶಾಬಾಶ್."

ಮುಂದಿನ ಶುಕ್ರವಾರ ಆಪಾರ ಮಗಳ ಫೋನು ಬಂತು, ಅಮ್ಮ ಹೋದರೆಂದು. ನನ್ನ ಬೆರಳಿಗೆ ಈ ಕೆಲಸ ಬರುತ್ತದೆಂದು ತಿಳಿದವರು ಈಗ ಮುಂಬಯಿಯಲ್ಲಿ ಯಾರೂ ಇಲ್ಲ.